ಜೀಪಿಗಾಗಿ ಮುಚ್ಚಿದ ತಗ್ಗು

ಸುರಪುರದ ಬಸ್ಸು ಹಳ್ಳದ ದಂಡೆಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಅದು ಹೋಗುವುದಿಲ್ಲ. ಬೆಣಚಿಹಾಳಕ್ಕೆ ಇನ್ನೂ ಮೂರು ಮೈಲು ಇರುವಾಗಲೇ ಜನರನ್ನು ಇಳಿಸಿ, ತಿರುಗಿಕೊಂಡು ಹೋಗಿಬಿಡುತ್ತದೆ.

ಮರಿಲಿಂಗಪ್ಪ ಹೆಂಡತಿಯ ತೋಳು ಹಿಡಿದು ಇಳಿಸಿದ. ಕರೆಮ್ಮನಿಗೆ ಎದೆಯ ಬೇನೆ. ಕ್ಷಯ ಎಂದಿದ್ದರು ಡಾಕ್ಟರರು. ಸೋಮವಾರ ಮತ್ತು ಗುರುವಾರ ಸುರಪುರದ ದವಾಖಾನೆಗೆ ಹೋಗಿ ಸೂಜಿ ಹಾಕಿಸಿಕೊಂಡು ಬರಬೇಕು. ಇನ್ನೂ ಎಂಟು ತಿಂಗಳು ಹಾಕಿಸಬೇಕು. ನಡುವೆ ಬಿಟ್ಟರೆ ಬೇನೆ ಮತ್ತೆ ತಿರುಗಿ ಬೀಳುತ್ತದೆ, ಆಗ ಇದೇ ಸೂಜಿ ಹತ್ತುವುದಿಲ್ಲ ಎಂದು ಡಾಕ್ಟರರು ಬೆರಳು ಆಡಿಸಿ ಹೇಳಿದ್ದರು.

ಹಳ್ಳದಲ್ಲಿ ಮೊಣಕಾಲುದ್ದ ನೀರಿತ್ತು. ಮರಿಲಿಂಗಪ್ಪ ಕರೆಮ್ಮನನ್ನು ಬೆನ್ನ ಮೇಲೆ ಹೊತ್ತು ದಾಟಿಸಿದ. ಆಚೆ ದಂಡೆಯಲ್ಲಿ ಇಳಿಸಿದಾಗ ಅವಳು ಕಲ್ಲಿನ ಮೇಲೆ ಕೂತುಬಿಟ್ಟಳು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ನಾ ಇನ್ನ ಹೋಗಂಗಿಲ್ಲ," ಎಂದಳು.

"ಏನ್ ಮಾತಾಡ್ತಿ? ಡಾಕ್ಟರ್ ಏನ್ ಹೇಳ್ಯಾರ..."

"ಡಾಕ್ಟರ್ ಕುರ್ಚಿ ಮ್ಯಾಲ ಕುಂತು ಹೇಳ್ತಾರ. ಸೂಜಿಲೆ ಬಂದ ಶಕ್ತಿ ಈ ದಾರ‍್ಯಾಗs ಹೋಗತೈತಿ. ಬಂದ ಮ್ಯಾಲ ಎರಡ ದಿನ ಏಳಾಕ ಆಗವಲ್ದು. ಎದ್ದೆ ಅನ್ನೂದ್ರಾಗ ಮತ್ತ ಗುರುವಾರ. ಸಾಕಾತು ನನಗ."

ಮರಿಲಿಂಗಪ್ಪ ಅವಳ ಬೆನ್ನು ಸವರಿದ. ಅವನಿಗೂ ಸಾಕಾಗಿತ್ತು. ಕುರಿಗಳನ್ನು ವಾರಕ್ಕೆ ಎರಡು ದಿನ ಬೇರೆಯವರಿಗೆ ಒಪ್ಪಿಸಿ ಬರಬೇಕು. ಬರುವಾಗ ಹೆಂಡತಿಯ ಉಸಿರು ಕೇಳುತ್ತಾ ನಡೆಯಬೇಕು.

ಹಿಂದಿನಿಂದ ಚಪ್ಪಲಿ ಕೈಯಲ್ಲಿ ಹಿಡಿದು ಹಳ್ಳ ದಾಟಿ ಲಾಡ್ಲೇಸಾಬ ಬಂದ. ಅದೇ ಬಸ್ಸಿನ ಕಂಡಕ್ಟರ್, ಬೆಣಚಿಹಾಳದವನೇ. ಮರುದಿನ ಅವನಿಗೆ ರಜೆ. ಬಸ್ಸನ್ನು ಡ್ರೈವರನ ಜೊತೆಗೆ ಕಳಿಸಿ ಊರ ದಾರಿ ಹಿಡಿದಿದ್ದ.

"ಯಾಕ ಕುಂತೀ ಯಕ್ಕಾ?"

"ನಿನ್ನ ಬಸ್ಸು ನಿನ್ನs ಮನಿಗೆ ಮುಟ್ಟಸವಲ್ದು, ನನ್ನೇನ್ ಮುಟ್ಟಸತೈತೋ ತಮ್ಮಾ," ಎಂದು ಕರೆಮ್ಮ ದಣಿವಿನಲ್ಲೇ ನಕ್ಕಳು.

ಲಾಡ್ಲೇಸಾಬನೂ ನಕ್ಕ. ಆಮೇಲೆ ಖಾಕಿ ಅಂಗಿಯ ಜೇಬಿನಿಂದ ಮಡಿಚಿದ ಒಂದು ಹಾಳೆ ತೆಗೆದ.

"ಇದ ನೋಡ್ರಿ, ಸುರಪುರ ಕಚೇರಿ ಮುಂದ ಹಂಚಾಕತ್ತಿದ್ರು. ವಿಧಾನಸಭಾದ ಒಂದು ಸಮಿತಿ ಬರಾಕತ್ತೈತಿ. ರಸ್ತಾ, ಬಸ್ಸು, ಊರೂರಾಗ ಜಿಲ್ಲಾ ಬೋರ್ಡಿನ ಕೆಲಸ ಹೆಂಗ ನಡದೈತಿ ಅಂತ ಕಣ್ಣಲೆ ನೋಡತಾರಂತ. ಬುಧವಾರ ನಮ್ಮೂರಿಗೆ. ಯಾರ ಬೇಕಾದ್ರೂ ಅರ್ಜಿ ಕೊಡಬೋದು ಅಂತ ಬರದಾರ."

"ನೋಡಿ ಏನ್ ಮಾಡ್ತಾರ?" ಎಂದ ಮರಿಲಿಂಗಪ್ಪ. "ನಿಜಾಮ ಇದ್ದಾಗನೂ ನೋಡಾಕ ಬಂದ್ರು. ಕೋಳಿ ತಿಂದ್ರು, ಹೋದ್ರು. ಈಗ ಬೆಂಗಳೂರಿನವ್ರು ಬರತಾರ. ಕೋಳಿ ಮಾತ್ರ ನಮ್ಮವs."

"ಇವ್ರು ಸಾಹೇಬರಲ್ಲಣ್ಣಾ. ನಾವs ಓಟ್ ಹಾಕಿ ಕಳಿಸಿದವರು. ಬೋರ್ಡು ನಮ್ಮ ರಸ್ತಾ ದುರಸ್ತಿ ಆಗೈತಿ ಅಂತ ಕಾಗದ ಬರದೈತಿ. ನಮ್ಮ ಡ್ರೈವರ್ ರಸ್ತಾ ಕೆಟ್ಟೈತಿ, ಬಸ್ ಹೋಗಂಗಿಲ್ಲ ಅಂತ ಬರಕೊಟ್ಟಾನ. ಎರಡೂ ಕಾಗದ ಕಪಾಟಿನ್ಯಾಗ ಮಲಗ್ಯಾವ. ಯಾವದು ಖರೇ ಅಂತ ಕೇಳೂ ಹಕ್ಕು ಈ ಸಮಿತಿಗೆ ಐತಿ."

"ಕೇಳಲಿ ಬಿಡು," ಎಂದ ಮರಿಲಿಂಗಪ್ಪ. ಕರೆಮ್ಮನನ್ನು ಎಬ್ಬಿಸಿದ.

ಅವತ್ತು ಸಂಜೆ ಲಾಡ್ಲೇಸಾಬ ಅವರ ಕಟ್ಟೆಯ ಮೇಲೆ ಕೂತು ಅರ್ಜಿ ಬರೆದ. ಈ ಸೀಮೆ ಹೈದರಾಬಾದು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗ ಎರಡು ವರ್ಷ. ಮೊದಲೆಲ್ಲ ಅರ್ಜಿ ಎಂದರೆ ಉರ್ದು ಬಲ್ಲ ಮುನಶಿಯನ್ನು ಹುಡುಕಬೇಕಿತ್ತು, ಅವನು ಏನು ಬರೆದನೋ ದೇವರೇ ಬಲ್ಲ. ಈಗ ಲಾಡ್ಲೇಸಾಬ ಕನ್ನಡದಲ್ಲಿ ಬರೆದು, ಗಟ್ಟಿಯಾಗಿ ಓದಿ ಹೇಳಿದ. ಬಸ್ಸು ಎಲ್ಲಿ ನಿಲ್ಲುತ್ತದೆ, ಎಂದಿನಿಂದ ನಿಂತಿದೆ, ಕರೆಮ್ಮ ಎಷ್ಟು ದೂರ ನಡೆಯಬೇಕು. ಅಷ್ಟೇ ಇತ್ತು. ಕರೆಮ್ಮ ಹೆಬ್ಬೆಟ್ಟು ಒತ್ತಿದಳು.

"ಅಣ್ಣಾ, ನಿನ್ನದೂ ಒತ್ತು."

"ನನ್ನದು ಬ್ಯಾಡ," ಎಂದು ಮರಿಲಿಂಗಪ್ಪ ಕೈ ಹಿಂದಕ್ಕೆಳೆದುಕೊಂಡ. "ಗೌಡ್ರು ಏನ್ ತಿಳಕೋತಾರೋ ಏನೋ."

ಅಷ್ಟರಲ್ಲಿ ಗೌಡರ ಮನೆಯಿಂದಲೇ ಕರೆ ಬಂತು. ಹಣಮಂತ್ರಾಯಗೌಡರು ಚಾವಡಿಯಲ್ಲಿ ಕೂತಿದ್ದರು.

"ಮರಿಲಿಂಗಾ, ದೌರಾ ಬರಾಕತ್ತೈತಿ. ರಸ್ತಾ ನಿನಗ ಬಿಟ್ಟದ್ದು. ಮನಿಗೊಂದು ಆಳು ತಗೋ. ಜೀಪು ಕುಲುಕಬಾರದು ನೋಡು."

"ಆತ್ರಿ ಗೌಡ್ರ."

ಇದು ಆ ಊರಿನ ಹಳೆಯ ರೂಢಿ. ಸಾಹೇಬರು ದೌರಾ ಎಂದು ಊರೂರು ನೋಡಲು ಹೊರಟರೆ ಹಿಂದಿನ ದಿನ ಊರವರೆಲ್ಲ ಸೇರಿ ದಾರಿಯ ತಗ್ಗು ಮುಚ್ಚಬೇಕು. ಮರಿಲಿಂಗಪ್ಪ ಚಿಕ್ಕವನಿದ್ದಾಗ ಒಮ್ಮೆ ನಿಜಾಮನ ದೊಡ್ಡ ಅಧಿಕಾರಿ ತಾಲೂಕದಾರರ ಟಾಂಗಾ ತಗ್ಗಿಗೆ ಬಿದ್ದು ಕುಲುಕಿತ್ತು. ಅದಕ್ಕೆ ಅವನ ಅಪ್ಪನನ್ನು ಇದೇ ಚಾವಡಿಯ ಮುಂದೆ ಹೊತ್ತು ಮುಳುಗುವ ತನಕ ಬಿಸಿಲಿನಲ್ಲಿ ನಿಲ್ಲಿಸಿದ್ದರು. ಆಮೇಲೆ ಅಪ್ಪ ಮಗನಿಗೆ ಕೆಲಸ ಕಲಿಸಿದ. ಕೆಳಗೆ ದಪ್ಪ ಕಲ್ಲು. ಅದರ ಮೇಲೆ ಗರಸಿನ ಕೆಂಪು ಮಣ್ಣು. ನೀರು ಹೊಡೆದು ಬಡಿಯಬೇಕು. ಕೊನೆಗೆ ಮೇಲೊಂದಿಷ್ಟು ಒಣ ಮಣ್ಣು ಉದುರಿಸಬೇಕು, ಹೊಸದಾಗಿ ಮುಚ್ಚಿದ್ದು ಎಂದು ಯಾರ ಕಣ್ಣಿಗೂ ಬೀಳಬಾರದು. ಆ ಕೆಲಸದಲ್ಲಿ ಮರಿಲಿಂಗಪ್ಪನನ್ನು ಮೀರಿಸುವವರಿರಲಿಲ್ಲ. ಗಾಲಿ ಉರುಳಿದರೂ ಗೊತ್ತಾಗುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಇಪ್ಪತ್ತು ಜನ ಸಲಿಕೆ, ಬುಟ್ಟಿ ಹಿಡಿದು ಬಂದರು. ಹೊತ್ತು ನೆತ್ತಿಗೆ ಬರುವುದರೊಳಗೆ ಊರ ಕಡೆಯ ಒಂದು ಮೈಲು ಸಪಾಟಾಗಿತ್ತು. ಆಳುದ್ದ ಅಗಲದ ಒಂದು ತಗ್ಗಿಗೆ ಮರಿಲಿಂಗಪ್ಪ ತಾನೇ ಒಣ ಮಣ್ಣು ಉದುರಿಸುತ್ತಿದ್ದ. ಆಗ ಕರೆಮ್ಮ ಸೆರಗು ಹೊದ್ದು, ಅಲ್ಲಲ್ಲಿ ನಿಲ್ಲುತ್ತಾ ಬಂದಳು. ಹಿಂದೆ ಲಾಡ್ಲೇಸಾಬ.

"ಬಿಸಲಾಗ ಯಾಕ ಬಂದಿ?" ಎಂದ ಮರಿಲಿಂಗಪ್ಪ.

ಅವಳು ಮುಚ್ಚಿದ ತಗ್ಗಿನ ಮೇಲೆ ನಿಂತು ಕಾಲಿನಿಂದ ಒತ್ತಿ ನೋಡಿದಳು.

"ಚೊಲೊ ಮಾಡೀರಿ," ಎಂದಳು. "ಇಷ್ಟ ಚೊಲೊ ಮಾಡಾಕ ಬರತಿತ್ತು ನಿಮಗ. ಮೂರು ತಿಂಗಳಿಂದ ನಾ ಈ ತಗ್ಗಿನ್ಯಾಗ ಎದ್ದು ಬಿದ್ದು ಹೊಂಟೇನಿ. ಒಂದ ಬುಟ್ಟಿ ಮಣ್ಣು ಯಾರೂ ಹಾಕಲಿಲ್ಲ."

ಸಲಿಕೆಗಳು ನಿಂತವು. ಒಬ್ಬ ಮುಖ ತಿರುಗಿಸಿ ಬೆವರು ಒರೆಸಿಕೊಂಡ.

ಲಾಡ್ಲೇಸಾಬ ಕುಕ್ಕರಗಾಲಲ್ಲಿ ಕೂತ. "ಮರಿಲಿಂಗಣ್ಣ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ. ಹ್ವಾದ ವರ್ಷ ಬೋರ್ಡಿನ ಇಂಜಿನಿಯರ್ ಜೀಪಿನ್ಯಾಗ ಬಂದಿದ್ರಲ್ಲ?"

"ಬಂದಿದ್ರು."

"ಅವತ್ತ ರಸ್ತಾ ಯಾರ ಮಾಡಿದ್ರು?"

"ನಾವs."

"ಎಷ್ಟ ದಿನ ಇತ್ತು?"

"ಮಳಿ ಬಂತು. ಎಂಟ ದಿನದಾಗ ಕೊಚ್ಚಿ ಹೋತು."

"ಇಂಜಿನಿಯರ್ ಏನ್ ಬರದಾರ ಗೊತ್ತೇನು? ರಸ್ತಾ ಚೊಲೊ ಐತಿ, ದುರಸ್ತಿ ಆಗೈತಿ ಅಂತ. ಅವ್ರ ಕಣ್ಣಿಗೆ ಬಿದ್ದದ್ದು ಅದs ಅಲ್ಲಾ? ನಿನ್ನಿ ನಾ ಹೇಳಿದ ಕಾಗದ ಅದs ಅಣ್ಣಾ. ನಾಳೆ ಸಮಿತಿ ಬರತೈತಿ. ಯಕ್ಕನ ಅರ್ಜಿ ಓದತಾರ. ರಸ್ತಾ ನೋಡತಾರ. ಈಕಿ ಸುಳ್ಳು ಹೇಳ್ಯಾಳ ಅಂತ ಬರಕೊಂಡು ಹೋಗತಾರ."

ಮರಿಲಿಂಗಪ್ಪ ತನ್ನ ಕೈ ನೋಡಿಕೊಂಡ. ಗರಸಿನ ಕೆಂಪು ಉಗುರಿನ ಸಂದಿಯಲ್ಲಿ ಇಳಿದಿತ್ತು. ಬಸ್ಸನ್ನು ಹಳ್ಳದ ಆಚೆ ನಿಲ್ಲಿಸಿದವರು ಯಾರೋ ದೊಡ್ಡವರು ಎಂದು ಅವನು ಇಷ್ಟು ದಿನ ಬೈಯುತ್ತಿದ್ದ.

"ಹಂಗಾರ ಏನ್ ಮಾಡೂದು?"

"ಏನೂ ಮಾಡಬ್ಯಾಡ. ನಿನ್ನಿ ಹೆಂಗಿತ್ತೋ ಹಂಗ ಇರಲಿ. ಇನ್ನ ಆಳಕ್ಕ ಕೆಡವೂದೂ ಬ್ಯಾಡ, ಅದೂ ಸುಳ್ಳs ಆಗತೈತಿ."

ಮರಿಲಿಂಗಪ್ಪ ಸಲಿಕೆ ಎತ್ತಿ, ಆಗಷ್ಟೇ ಹಾಕಿದ್ದ ಗರಸನ್ನು ತೆಗೆದು ದಂಡೆಗೆ ಹಾಕತೊಡಗಿದ. ಉಳಿದವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಕೈ ಹಚ್ಚಿದರು. ಹಾಕುವುದಕ್ಕಿಂತ ತೆಗೆಯುವುದೇ ಹೆಚ್ಚು ದಣಿಸಿತು.

ಸುದ್ದಿ ಕೇಳಿ ಗೌಡರು ಬಂದರು. ಮುಖ ಕೆಂಪಾಗಿತ್ತು.

"ಏನ್ ನಡಿಸೀಯೋ? ಊರ ಮಾನ ಕಳೀತೀ ಏನು?"

ಮರಿಲಿಂಗಪ್ಪ ತಲೆಯ ರುಮಾಲು ತೆಗೆದು ನಿಂತ. ಆದರೂ ಸಲಿಕೆ ಬಿಡಲಿಲ್ಲ.

"ಮಾನ ಹೋಗಿ ಮೂರು ತಿಂಗಳಾತ್ರಿ ಗೌಡ್ರ. ಹೆಂಡತೀನ ಬೆನ್ನ ಮ್ಯಾಲ ಹೊತ್ತು ಹಳ್ಳ ದಾಟಸಾಕತ್ತೇನಿ. ನೀವೂ ನೋಡೀರಿ."

"ಜೀಪು ಸಿಕ್ಕೊಂಡ್ರ ಯಾರು ಜವಾಬು?"

"ನಾನs. ಬಿಸಲಾಗ ನಿಲ್ಲಿಸಿದ್ರ ನಿಲ್ಲತೀನ್ರಿ."

ಗೌಡರು ಕರೆಮ್ಮನ ಕಡೆ ನೋಡಿ ತಿರುಗಿ ಹೋದರು.

ಬುಧವಾರ ಸಮಿತಿಯ ಎರಡು ಜೀಪುಗಳು ಬಂದವು. ಹಳ್ಳವನ್ನು ಹೇಗೋ ದಾಟಿದವು. ಊರಿಗೆ ಒಂದು ಮೈಲು ಇರುವಾಗ ಮುಂದಿನದು ಆ ದೊಡ್ಡ ತಗ್ಗಿನಲ್ಲಿ ಕೂತಿತು. ಗಾಲಿ ತಿರುಗಿತು, ಕೆಸರು ಸಿಡಿಯಿತು, ಜೀಪು ಮಾತ್ರ ಏಳಲಿಲ್ಲ. ಸಮಿತಿಯವರು ಪಂಚೆ ಎತ್ತಿ ಹಿಡಿದು ಇಳಿದರು. ಉಳಿದ ದಾರಿ ನಡೆದೇ ಬಂದರು. ಚಾವಡಿ ಮುಟ್ಟುವಾಗ ಅಧ್ಯಕ್ಷರು ಏದುಸಿರು ಬಿಡುತ್ತಿದ್ದರು. ದಕ್ಷಿಣದ ಕಡೆಯ ವಯಸ್ಸಾದ ಮನುಷ್ಯ. ಮೊದಲು ನೀರು ಕೇಳಿ ಕುಡಿದರು. ಆಮೇಲೆ ಕರೆಮ್ಮನ ಅರ್ಜಿ ಓದಿಸಿದರು.

ಜೊತೆಗೆ ಬಂದಿದ್ದ ಬೋರ್ಡಿನ ಅಧಿಕಾರಿ ಫೈಲು ಬಿಚ್ಚಿದ. "ಈ ರಸ್ತೆ ಕಳೆದ ವರ್ಷವೇ ದುರಸ್ತಿಯಾಗಿದೆ ಸಾರ್. ತಪಾಸಣೆ ವರದಿ ಇದೆ. ಈ ಮಳೆಗೆ ಹೀಗಾಗಿರಬೇಕು."

ಅಧ್ಯಕ್ಷರು ಜನರ ಕಡೆ ನೋಡಿದರು. "ಹೋದ ವರ್ಷ ರಿಪೇರಿ ಆಗಿತ್ತೇನಪ್ಪಾ?"

ಗೌಡರು ನೆಲ ನೋಡುತ್ತಿದ್ದರು. ಕರೆಮ್ಮ ಹಿಂದಿನಿಂದ ಕೆಮ್ಮಿದಳು. ಅದು ಸನ್ನೆಯ ಕೆಮ್ಮಲ್ಲ, ಬೇನೆಯ ಕೆಮ್ಮೇ.

"ಇಲ್ರಿ," ಎಂದ ಮರಿಲಿಂಗಪ್ಪ. "ನಾ ಮುಚ್ಚಿದ್ದೆ. ಸಾಹೇಬರ ಜೀಪು ಬರತೈತಂತ ಹಿಂದಿನ ದಿನ ನಾವs ಮುಚ್ಚಿದ್ದಿವಿ. ಎಂಟ ದಿನ ಇತ್ತು. ಬೋರ್ಡಿನವರು ಒಂದ ಬುಟ್ಟಿ ಗರಸು ಹಾಕಿಲ್ರಿ. ತಪ್ಪು ನನ್ನದೂ ಐತ್ರಿ. ಬರಕೋರ್ರಿ."

ಅಧ್ಯಕ್ಷರು ಅವನನ್ನು ಗದರಲಿಲ್ಲ. ಗುಮಾಸ್ತನಿಗೆ ಬರೆದುಕೊಳ್ಳಲು ಹೇಳಿದರು. ಬರೆದದ್ದನ್ನು ಓದಿ ಹೇಳಿಸಿದರು. ಒಂದು ಕಡೆ 'ಊರವರು ದುರಸ್ತಿ ಮಾಡಿದ್ದರು' ಎಂದಿತ್ತು. "ದುರಸ್ತಿ ಅಲ್ರಿ, ಮುಚ್ಚಿದ್ದು," ಎಂದ ಮರಿಲಿಂಗಪ್ಪ. ಅದನ್ನು ತಿದ್ದಿದ ಮೇಲೆ ಹೆಬ್ಬೆಟ್ಟು ಒತ್ತಿದ.

"ನೀವs ರಸ್ತಾ ಮಾಡಸತೀರೇನ್ರಿ?" ಎಂದು ಕರೆಮ್ಮ ಕೇಳಿದಳು.

"ಇಲ್ಲಮ್ಮ," ಎಂದರು ಅಧ್ಯಕ್ಷರು. "ನಾವು ರಸ್ತೆ ಮಾಡೋರಲ್ಲ. ಮಾಡಬೇಕಾದವರು ಯಾಕೆ ಮಾಡಲಿಲ್ಲ ಅಂತ ಕೇಳೋರು. ಅವರು ಲಿಖಿತವಾಗಿ ಉತ್ತರ ಕೊಡಬೇಕು. ಆ ಉತ್ತರ ವಿಧಾನಸಭೆಯ ಮುಂದೆ ಹೋಗುತ್ತೆ. ತಡ ಆಗಬಹುದು. ನೀವು ಬೆನ್ನು ಬಿಡಬೇಡಿ."

ಅರ್ಜಿ ಮುಟ್ಟಿದ್ದಕ್ಕೆ ನಂಬರು ಹಾಕಿದ ಚೀಟಿ ಕೊಟ್ಟು, ಅವರು ಜೀಪಿನ ತನಕ ನಡೆದೇ ಹೋದರು.

ತಡವಾಗಿಯೇ ಆಯಿತು. ಒಂದು ತಿಂಗಳು ಏನೂ ಬರಲಿಲ್ಲ. ಲಾಡ್ಲೇಸಾಬ ಚೀಟಿಯ ನಂಬರು ಹಾಕಿ ಮತ್ತೊಂದು ಕಾಗದ ಬರೆದ. ಎರಡನೆಯ ತಿಂಗಳು ಉತ್ತರ ಬಂತು: ಬೋರ್ಡಿಗೆ ಇಂತಿಷ್ಟು ದಿನದಲ್ಲಿ ಜವಾಬು ಕೊಡಲು ತಿಳಿಸಲಾಗಿದೆ ಎಂದಿತ್ತು. ಅಷ್ಟು ದಿನ ಕರೆಮ್ಮ ಸೂಜಿ ತಪ್ಪಿಸಲಿಲ್ಲ. ಸಮಿತಿ ಬಂದುಹೋದ ಮರುದಿನ ಬೆಳಿಗ್ಗೆಯೇ ಗೌಡರ ಎತ್ತಿನ ಗಾಡಿ ಅವಳನ್ನು ಬಸ್ಸಿಗೆ ಮುಟ್ಟಿಸಲು ಬಂದು ಅವಳ ಮನೆ ಮುಂದೆ ನಿಂತಿತ್ತು. ಗೌಡರು ಬಂದಿರಲಿಲ್ಲ, ಒಂದು ಮಾತೂ ಹೇಳಿ ಕಳಿಸಿರಲಿಲ್ಲ. ಗಾಡಿ ಹೋಗುವಷ್ಟು ದಾರಿಯನ್ನು ಊರವರು ಸರಿಮಾಡಿಕೊಂಡರು. ಈ ಸಲ ಮೇಲೆ ಒಣ ಮಣ್ಣು ಉದುರಿಸಲಿಲ್ಲ.

ಯುಗಾದಿಗೆ ಮುಂಚೆ ಬೋರ್ಡಿನವರು ಹಳ್ಳಕ್ಕೆ ಕಲ್ಲು ಕಟ್ಟಿದರು, ರಸ್ತೆಗೆ ಜಲ್ಲಿ ಹಾಸಿದರು. ಒಂದು ಗುರುವಾರ ಬಸ್ಸು ಊರೊಳಗೆ ಬಂತು.

"ಯಕ್ಕಾ, ಟಿಕೀಟ್!" ಎಂದ ಲಾಡ್ಲೇಸಾಬ.

"ಇಷ್ಟ ದಿನ ನಡದೇನಲ್ಲ, ಅದಕ್ಕ ನೀನs ನನಗ ಕೊಡಬೇಕು," ಎಂದಳು ಕರೆಮ್ಮ. ಆಮೇಲೆ ಕಿಟಕಿಗೆ ತಲೆ ಆನಿಸಿ, ಸುರಪುರ ಬರುವ ತನಕ ನಿದ್ದೆ ಮಾಡಿದಳು. ಮರಿಲಿಂಗಪ್ಪ ಅವಳನ್ನು ಎಬ್ಬಿಸಲಿಲ್ಲ. ಇನ್ನೂ ಮೂರು ತಿಂಗಳ ಸೂಜಿ ಉಳಿದಿತ್ತು. ಅಷ್ಟನ್ನೂ ಅವಳು ಹಾಕಿಸಿಕೊಂಡಳು.

ಇದನ್ನು ಓದುವ, ಕೇಳುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಕಡೆಗೂ ಇಂಥ ಸಮಿತಿ ಬರಬಹುದು. ಬರುವ ದಿನ ತಿಳಿದುಕೊಳ್ಳಿ. ನಿಮ್ಮ ಕಷ್ಟವನ್ನು ಕನ್ನಡದಲ್ಲೇ ಬರೆಸಿ. ಓದು ಬರದಿದ್ದರೆ ಹೆಬ್ಬೆಟ್ಟು ಸಾಕು. ಆದರೆ ಬರೆದದ್ದನ್ನು ಓದಿಸಿ ಕೇಳದೆ ಒತ್ತಬೇಡಿ. ಅರ್ಜಿಯ ನಂಬರು ಕೇಳಿ ಇಟ್ಟುಕೊಳ್ಳಿ, ಉತ್ತರ ಬರದಿದ್ದರೆ ಮತ್ತೆ ಬರೆಯಿರಿ. ದಣಿವಾಗುತ್ತದೆ, ನಿಜ. ಆದರೂ ಬರೆಯಿರಿ. ಬಂದವರಿಗೆ ನೀರು ಕೊಡಿ, ಕೂಡಿಸಿ, ಮರ್ಯಾದೆ ಮಾಡಿ. ಕೆಟ್ಟ ರಸ್ತೆಯನ್ನು ಮಾತ್ರ ಅವರ ಕಣ್ಣಿಗೆ ಮರೆಮಾಡಬೇಡಿ. ನೀವು ದಿನವೂ ನಡೆಯುವ ದಾರಿ ಅದು. ಅವರೂ ಒಂದು ದಿನ ನಡೆದು ನೋಡಲಿ.