ಕತೆಯ ಹುಡುಗಿಗೆ ಉಪ್ಪು

ಮೂಗಯ್ಯನ ಹಾರೆ ಮೂರನೇ ಏಟಿಗೆ ಕಲ್ಲಿಗೆ ತಗುಲಿ ಠಣ್ಣೆಂದಿತು. ಅವನು ಹಾರೆ ಬಿಟ್ಟು ಮಂಡಿಯೂರಿ ಕೈಯಿಂದಲೇ ಮಣ್ಣು ಸರಿಸಿದ. ತೀರಿಕೊಂಡ ಗೆಳೆಯ ಕೆಂಪಯ್ಯನಿಗೆ ಗುಣಿ ತೋಡಲು ಹೊಲಕ್ಕೆ ಬಂದವನು ಗುಣಿಯನ್ನೇ ಮರೆತವನಂತೆ ಕೂತುಬಿಟ್ಟ.

"ಹಗೇವಿನ ಚಪ್ಪಡಿ ಕಣ್ಲಾ ಶಶಿ."

"ನಮ್ ತಾತನ ಕಾಲದ್ದಿರ್ಬೇಕು," ಎಂದ ಕೆಂಪಯ್ಯನ ಮಗ ಶಶಿಕುಮಾರ. "ಎಲ್ಲಿತ್ತು ಅಂತ್ಲೇ ಮರ್ತೋಗಿತ್ತು. ಬರೀ ಗುಂಡಿ, ಮುಚ್ಬುಡು."

"ಬರೀ ಗುಂಡಿಗೆ ಯಾರ್ಲಾ ಹೊಸ್ದಾಗಿ ಸಗಣಿ ಮೆತ್ತೋರು?"

ಚಪ್ಪಡಿಯ ಅಂಚಿಗೆ ಜೇಡಿಮಣ್ಣು, ಸಗಣಿ ಕಲಸಿ ಮೆತ್ತಿತ್ತು. ಇನ್ನೂ ಬಿರುಕು ಬಿಟ್ಟಿರಲಿಲ್ಲ.

ಗುಣಿ ತೋಡುವವರಿಗೆ ನೀರು ತಂದಿದ್ದ ಶಶಿಕುಮಾರನ ಮಗಳು ಮೇಘನಾ ಬಿಂದಿಗೆ ಇಳಿಸುವುದನ್ನೂ ಮರೆತು ನಿಂತಳು. ಹಗೇವು ಅಂದರೆ ನೆಲದೊಳಗಿನ ರಾಗಿ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ಒಮ್ಮೆ ತುಂಬಿ ಮುಚ್ಚಿದರೆ ಬೇಕಾದ ವರ್ಷ ತೆಗೆಯಬಹುದು. ತೆರಕಣಾಂಬಿ ಸುತ್ತಿನ ಹಗೇವುಗಳಿಗೆಲ್ಲ ಇಳಿಯುತ್ತಿದ್ದವನು ಅವಳ ತಾತ ಕೆಂಪಯ್ಯನೇ. ಆ ಕೆಲಸ ನಿಂತು ಮೂವತ್ತು ವರ್ಷವಾಗಿತ್ತು.

ಹೋದ ವರ್ಷದಿಂದ ಮನೆಯ ರಾಗಿ ಕಾಣೆಯಾಗುತ್ತಿತ್ತು. "ಎಲ್ಲೋಯ್ತಪ್ಪ?" ಅಂತ ಮಗ ಗದರಿದರೆ ಕೆಂಪಯ್ಯ, "ಇರೋ ಜಾಗ್ದಲ್ಲೇ ಅದೆ" ಎನ್ನುತ್ತಿದ್ದ, ಅಷ್ಟೇ. ಬೆಳಿಗ್ಗೆ ಹೆಣದ ಸುತ್ತ ಕೂತಾಗ ಪಕ್ಕದ ಮನೆಯ ದೊಡ್ಡಮಲ್ಲಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ಹೇಳಿದ್ದು ಮೇಘನಾಳ ಕಿವಿಗೂ ಬಿದ್ದಿತ್ತು: "ಈ ಕೂಸು ಓದ್ತಿದ್ದ ಕತೆ ಕೇಳೇ ಮುದ್ಕ ತಲೆ ಕೆಡಿಸ್ಕಂಡಿದ್ದು. ಎಂಟು ಚೀಲ ರಾಗಿ ಎಲ್ಲಿ ಸುರುದ್ನೋ."

ಆಗಿನಿಂದ ಅವಳಿಗೆ ಅಳುವೂ ಬಂದಿರಲಿಲ್ಲ. ತಾತನ ಬುದ್ಧಿ ಕೆಡಿಸಿದವಳು ತಾನೇ ಏನೋ ಎಂಬುದೊಂದೇ ಅವಳನ್ನು ತಿನ್ನುತ್ತಿತ್ತು.

*

ತಾತ ಬದುಕಿದ್ದಾಗ ಮೇಘನಾ ಗುಂಡ್ಲುಪೇಟೆಯ ಕಾಲೇಜಿನಿಂದ ಬಂದವಳೇ ಜಗಲಿಯ ಮೇಲೆ ನೋಟ್‌ಬುಕ್ ಬಿಚ್ಚುತ್ತಿದ್ದಳು. ಅವಳೇ ಬರೆಯುತ್ತಿದ್ದ ಕಾದಂಬರಿ ಅದು, ನೂರು ವರ್ಷ ಮುಂದಿನ ಕತೆ. ಬೆಳೆಯೆಲ್ಲ ಸತ್ತು ಮುಗಿಲಿನಿಂದ ಬೂದಿ ಸುರಿಯುತ್ತಿದೆ. ಕೇರಳಕ್ಕೆ ಹೋಗುವ ಹೆದ್ದಾರಿಯಲ್ಲಿ ಲಾರಿಗಳು ನಿಂತ ಸಾಲಿನಲ್ಲೇ ತುಕ್ಕು ಹಿಡಿದಿವೆ. ಈರುಳ್ಳಿ ಮಂಡಿಯಲ್ಲಿ ಕಳ್ಳಿ ಬೆಳೆದಿದೆ. ಉಳಿದವಳು ಒಬ್ಬಳೇ ಹುಡುಗಿ. ಅವಳು ಬಂಡೀಪುರದ ಕಡೆಗೆ ನಡೆಯುತ್ತಿದ್ದಾಳೆ.

ಅಕ್ಷರ ಬಾರದ ಕೆಂಪಯ್ಯ ಎಲೆಯಡಿಕೆ ಅಗಿಯುವುದನ್ನೂ ನಿಲ್ಲಿಸಿ ಕೇಳುತ್ತಿದ್ದ.

"ಇದೆಲ್ಲ ಆಯ್ತದಾ ಕೂಸು?"

"ಊಂ ತಾತ, ಹಿಂಗೇ ಆಯ್ತದೆ," ಎಂದು ಅವಳು ನಕ್ಕಿದ್ದಳು.

ಅವನು ನಗಲಿಲ್ಲ. "ಆ ಮಗೀಗೆ ಉಪ್ಪು ಎಲ್ಲಿತ್ತವ್ವ?"

"ಉಪ್ಪಾ?"

"ಉಪ್ಪಿಲ್ದೆ ಎಷ್ಟ್ ದಿನ ನಡ್ದಾಳು? ಬೆಂಕಿಪೊಟ್ಣ? ಕಾಲ್ಗೆ?"

ಅವಳು ಅದನ್ನೆಲ್ಲ ಯೋಚಿಸಿಯೇ ಇರಲಿಲ್ಲ. ಹನ್ನೆರಡು ಅಧ್ಯಾಯ ಆ ಹುಡುಗಿಯನ್ನು ಬರಿಗಾಲಿನಲ್ಲೇ ನಡೆಸಿದ್ದಳು. "ಕತೆ ಕಣ್ ತಾತ," ಎಂದಳು.

"ಕತೆ ಆದ್ರೇನ, ಹಸಿಯಾಕಿಲ್ವ ಅದು?"

ಇನ್ನೊಂದು ಸಂಜೆ ತಾನಾಗಿ ಹೇಳಿದ: "ನೂರೊರ್ಸ ಬ್ಯಾಡ ಕಣವ್ವ. ನಲವತ್ತು ಮಾಡು."

"ಯಾಕ್ ತಾತ?"

"ನೂರೊರ್ಸ ರಾಗಿ ತಡ್ಯಾಕಿಲ್ಲ."

ಮುದುಕನನ್ನು ನೋಯಿಸುವುದೇಕೆಂದು ಅವಳು ನೂರನ್ನು ಹೊಡೆದು ನಲವತ್ತೆಂದು ಬರೆದಳು. ಕೆಂಪಯ್ಯ ಬೆರಳು ಮಡಿಸಿ ಏನನ್ನೋ ಎಣಿಸಿದ. ಆಮೇಲೆ, "ಅವ್ಳೂ ನಿನ್ನಷ್ಟೇ ಇದ್ದಾಳಾ?" ಎಂದು ಕೇಳಿ, ಅವಳ ಪಾದದ ಪಕ್ಕ ಜೋಳದ ದಂಟೊಂದನ್ನಿಟ್ಟು ಹೆಬ್ಬೆರಳಿನ ತುದಿಗೆ ಸರಿಯಾಗಿ ಮುರಿದುಕೊಂಡ. ಏನೋ ಆಟವೆಂದುಕೊಂಡು ಅವಳು ಕಾಲು ಎಳೆದುಕೊಂಡಿದ್ದಳು.

*

"ಹೊತ್ತಾಯ್ತದೆ, ಗುಣಿಯ ಆಚೆ ಅಗ್ಯನ ಬಾ," ಎಂದ ಶಶಿಕುಮಾರ.

"ತೆಗೀರಿ ಅಪ್ಪ," ಎಂದಳು ಮೇಘನಾ. "ತಾತಂಗೆ ತಲೆ ಕೆಟ್ಟಿತ್ತಾ ಇಲ್ವಾ, ನಂಗೆ ಗೊತ್ತಾಗ್ಬೇಕು."

ಶಶಿಕುಮಾರ ಮಗಳ ಮುಖ ನೋಡಿ ಚಪ್ಪಡಿಯ ಮೇಲಿನ ಮಣ್ಣು ಸರಿಸತೊಡಗಿದ. ಮೂಗಯ್ಯ ಎದ್ದು ಕೈ ಕೊಡವಿದ.

"ಹಂಗಾದ್ರೆ ಲಾಟೀನು ತತ್ತಾ ಓಗು ಕಣಮ್ಮಿ. ದೀಪ ಇಳೀದೆ ಆಳು ಇಳೀಬಾರ್ದು ಅಂತಿದ್ದ ನಿಮ್ ತಾತ. ಇವತ್ತು ಅವ್ನ ಮಾತು ಮೀರುದ್ರೆ ಎದ್ದು ಬಂದು ಬಯ್ತಾನೆ."

ಮನೆಯಲ್ಲಿ ಹೆಣದ ತಲೆದೆಸೆಗೆ ಕೂತಿದ್ದ ಪುಟ್ಟಸಿದ್ದಮ್ಮ ಮೊಮ್ಮಗಳ ಕೈಯಲ್ಲಿನ ಲಾಟೀನು ನೋಡಿದಳು.

"ಹಗಲೊತ್ನಲ್ಲಿ ಲಾಟೀನು ಯಾಕವ್ವ?"

"ಹಗೇವಿಗೆ ಅಜ್ಜಿ. ಯಾರೋ ಹೊಸ್ದಾಗಿ ಮುಚ್ಚವ್ರೆ."

ಪುಟ್ಟಸಿದ್ದಮ್ಮ ಗಂಡನ ಮುಖದ ಕಡೆಗೆ ತಿರುಗಿದಳು. "ನನ್ ಉಪ್ಪಿನ ಗಡಿಗೇನೂ ಅಲ್ಲೇ ಅದಾ ನೋಡು. ಬೆಕ್ಕು ಒಡ್ದಾಕ್ತು ಅಂದಿದ್ದ, ಕಳ್ಳ."

ಚಪ್ಪಡಿ ಎತ್ತಿದಾಗ ಒಳಗಿನಿಂದ ಬೆಚ್ಚನೆಯ ಗಾಳಿ ಎದ್ದಿತು. ಹಗ್ಗಕ್ಕೆ ಕಟ್ಟಿ ಇಳಿಸಿದ ಲಾಟೀನು ಅರ್ಧದಲ್ಲೇ ಪಕ್ಕನೆ ಆರಿತು. ಶಶಿಕುಮಾರ ಎರಡು ಹೆಜ್ಜೆ ಹಿಂದೆ ಸರಿದ. ಮೂಗಯ್ಯ ಎಲೆ ತುಂಬಿದ ಹೊಂಗೆ ಕೊಂಬೆಯೊಂದನ್ನು ಹಗ್ಗದಲ್ಲಿ ಇಳಿಬಿಟ್ಟು ಮೇಲೆ ಕೆಳಗೆ ಆಡಿಸುತ್ತ ಒಳಗಿನ ಕೆಟ್ಟ ಗಾಳಿಯನ್ನು ಕಲಕಿದ. ಅಷ್ಟರಲ್ಲಿ ಗುಣಿ ಕೆಲಸಕ್ಕೆ ಬಂದಿದ್ದ ಉಳಿದವರು ನಾಲ್ಕು ಮಾರು ಆಚೆ ಕೆಂಪಯ್ಯನ ಗುಣಿ ತೋಡಿ ಮುಗಿಸಿದರು. ಹೆಣದ ಮುಂದಿನ ತಮಟೆಯ ಸದ್ದು ಊರು ಬಿಟ್ಟು ಹೊಲದ ಕಡೆಗೆ ತಿರುಗಿತು.

ಎರಡನೇ ಸಲ ದೀಪ ಆರಲಿಲ್ಲ. ಒಮ್ಮೆ ತಗ್ಗಿ, ಮತ್ತೆ ನೆಟ್ಟಗೆ ನಿಂತಿತು.

ಮೂಗಯ್ಯ, ಶಶಿಕುಮಾರ, ಮೇಘನಾ ಮೂವರೂ ಬೋರಲು ಮಲಗಿ ಇಣುಕಿದರು. ಸುತ್ತಲೂ ಹುಲ್ಲಿನ ಮೆತ್ತೆ, ನಡುವೆ ಕೆಂಪಗೆ ರಾಗಿ. ಒಂದು ಕಾಳೂ ಮಾಸಿರಲಿಲ್ಲ.

"ಎಂಟು ಚೀಲ," ಎಂದ ಶಶಿಕುಮಾರ, ಯಾರಿಗೂ ಅಲ್ಲ ಎನ್ನುವಂತೆ.

ರಾಗಿಯ ಮೇಲೆ ಬಾಯಿ ಕಟ್ಟಿದ ಉಪ್ಪಿನ ಗಡಿಗೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಬೆಂಕಿಪೊಟ್ಟಣಗಳು. ಅವುಗಳ ಪಕ್ಕ, ಮೇಲೆ ಹತ್ತಿಬರಲು ಗೋಡೆಯಲ್ಲಿ ಕೊರೆದ ಮೆಟ್ಟಿಲ ಗೂಡಿನ ಬುಡದಲ್ಲಿ, ಲಾರಿ ಟೈರು ಕೊಯ್ದು ಮಾಡಿದ ಒಂದು ಜೊತೆ ಮೆಟ್ಟು. ಹೆಣ್ಣುಮಗಳ ಅಳತೆಯದು. ಮೇಘನಾ ತನ್ನ ಪಾದ ನೋಡಿಕೊಂಡಳು. ಆಗ ಅವಳಿಗೆ ಅಳು ಬಂತು.

"ತಗ್ಯದಾ ಮೇಲಕ್ಕೆ?" ಎಂದ ಮೂಗಯ್ಯ.

"ಬ್ಯಾಡ ಮೂಗಯ್ಯತಾತ. ಅದು ನಂದಲ್ಲ, ಅವ್ಳದು. ಮುಚ್ಬುಡಿ."

ತಮಟೆ ಹತ್ತಿರವಾಗಿತ್ತು. ಆದರೂ ಮೂಗಯ್ಯ ತಕ್ಷಣ ಹಗ್ಗ ಎಳೆಯಲಿಲ್ಲ. ಲಾಟೀನು ಹಗ್ಗದ ತುದಿಯಲ್ಲಿ ಮೆಲ್ಲಗೆ ತಿರುಗಿತು. ಮೆಟ್ಟುಗಳ ನೆರಳು ರಾಗಿಯ ಮೇಲೆ ಉದ್ದವಾಗಿ, ಒಂದೊಂದೇ ಹೆಜ್ಜೆ ಇಡುತ್ತ, ಗೋಡೆಯ ಮೆಟ್ಟಿಲ ಕಡೆಗೆ ನಡೆಯಿತು.