ಡೀಸೆಲ್ ಟ್ಯಾಂಕಿನ ಮುಚ್ಚಳ

ಶವಪೆಟ್ಟಿಗೆ ಹೊತ್ತ ಲಾರಿ ಮೂರನೆಯ ಸಲ ಬಂದ್ ಬಿದ್ದಾಗ ಹಿಂದೆ ನಡೆದು ಬರುತ್ತಿದ್ದವರ ಹಾಡೂ ನಿಂತಿತು. ಕಾಪುವಿನ ಹೆದ್ದಾರಿ ಬಿಟ್ಟು ಇಗರ್ಜಿಯ ಕಡೆ ಹೊರಳುವ ಕೆಮ್ಮಣ್ಣಿನ ರಸ್ತೆ ಅದು. ಡ್ರೈವರ್ ಕಿಟ್ಟ ಮತ್ತೆ ಕೀಲಿ ತಿರುಗಿಸಿದ. ಎಂಜಿನ್ ಸ್ಟಾರ್ಟ್ ಆಯಿತು, ಒಮ್ಮೆ ಏರಿ ಒಮ್ಮೆ ಇಳಿದು, ಬಾನೆಟ್ಟನ್ನೆಲ್ಲ ನಡುಗಿಸಿ ಸುಮ್ಮನಾಯಿತು. ಬಿಸಿಲು ನೆತ್ತಿಗೆ ಬರುತ್ತಿತ್ತು. ಹೆಂಗಸರು ಕೊಡೆ ಬಿಡಿಸಿದರು.

"ಲೂಯಿಸ್‌ಗೆ ಹೋಗಲಿಕ್ಕೆ ಮನಸ್ಸಿಲ್ಲ ಮಾರಾಯ," ಎಂದರು ಹಿಂದಿನಿಂದ ಯಾರೋ. ಮತ್ತೊಬ್ಬ ದನಿ ತಗ್ಗಿಸಿ, "ಸತ್ತ ಮೇಲೂ ಎಂಜಿನ್ ಆಫ್ ಮಾಡುವ ಚಾಳಿ ಬಿಡಲಿಲ್ಲ, ನೋಡು," ಎಂದ. ನಾಲ್ಕು ಜನ ನಗು ತಡೆದುಕೊಳ್ಳಲು ಕೆಮ್ಮಿದರು.

ಆ ಮಾತು ಮೌರಿಸನ ಕಿವಿಗೆ ಬಿತ್ತು. ಸತ್ತವನು ಅವನ ಬಾವ, ಅಕ್ಕ ಸೆಲೀನಳ ಗಂಡ. ಲಾರಿ ಮಲ್ಪೆಯ ಮೀನು ವ್ಯಾಪಾರಿ ಶೇಖರಣ್ಣನದು. ಲೂಯಿಸ್ ಹತ್ತು ವರ್ಷ ಓಡಿಸಿದ್ದ ಗಾಡಿಯೇ ಅವನನ್ನು ಒಯ್ಯಲಿ ಎಂದು ಶೇಖರಣ್ಣ ತಾನಾಗಿಯೇ ಕಳುಹಿಸಿಕೊಟ್ಟಿದ್ದ. ಎಷ್ಟು ತೊಳೆಸಿದ್ದರೂ ಬಂಗುಡೆಯ ವಾಸನೆ ಹೋಗಿರಲಿಲ್ಲ. ಮೌರಿಸನಿಗೆ ಅಂಬಲಪಾಡಿಯಲ್ಲಿ ಗ್ಯಾರೇಜು, ಈ ಗಾಡಿಯ ಒಂದೊಂದು ಬೋಲ್ಟೂ ಅವನ ಕೈ ಕಂಡದ್ದೇ. ಈಗ ಎಲ್ಲರೂ ಅವನ ಮುಖ ನೋಡಿದರು. ಅವನು ಕರಿ ಕೋಟು ಕಳಚಿ ಹೆಂಡತಿ ಒಲಿಂಡಾಳ ಕೈಗೆ ಕೊಟ್ಟ, ಬಿಳಿ ಶರ್ಟಿನ ತೋಳು ಮಡಚಿದ.

"ಯಾವಾಗಿಂದ ಹೀಗೆ?" ಎಂದು ಕಿಟ್ಟನನ್ನು ಕೇಳಿದ.

ಕಿಟ್ಟ ಆಚೆ ಈಚೆ ನೋಡಿದ. ಶೇಖರಣ್ಣ ದೂರದಲ್ಲಿ, ಪಾದ್ರಿಯವರ ಬಳಿ ನಿಂತಿದ್ದ. "ಮೊದಲಿಂದಲೂ ಉಂಟು ಮೌರಿಸಣ್ಣ. ದೂರದ ಟ್ರಿಪ್ ಹೋದರೆ ಮಾತ್ರ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗ್ತದೆ. ಹೇಳಿದರೆ ಲೂಯಿಸ್‌ಗೆ ಮಾಡಿದ ಹಾಗೆ ನನ್ನನ್ನೂ ಬಿಡಿಸ್ತಾರೆ ಅಂತ ಬಾಯಿ ಮುಚ್ಚಿಕೊಂಡಿದ್ದೆ."



*

ಎರಡು ವರ್ಷದ ಹಿಂದೆ, ಎಂಬತ್ತನಾಲ್ಕರಲ್ಲಿ, ಲೂಯಿಸ್ ಹೇಳುತ್ತಿದ್ದದ್ದೂ ಇದೇ ಮಾತು. ಕಾರ್ಕಳ ದಾಟುವಾಗ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಒಂದೇ ಸಮನೆ ಓಡುವುದಿಲ್ಲ, ಗೇರು ತೆಗೆದ ಕೂಡಲೇ ಎಂಜಿನ್ ಎಳೆದಾಡಿ ಬಂದ್ ಬೀಳುತ್ತದೆ ಎಂದು ಅವನು ಗ್ಯಾರೇಜಿಗೆ ಬಂದು ಬಂದು ಸುಸ್ತಾದ. ಮಾತು ಕಡಿಮೆಯ ಮನುಷ್ಯ. ಹೆಬ್ರಿಯಿಂದ ಬರುವಾಗ ಅಕ್ಕನಿಗೆಂದು ಹಲಸಿನ ಹಣ್ಣು ತಂದರೆ ಅದನ್ನೂ ಹೇಳದೆ ಅಡುಗೆಮನೆಯ ಮೂಲೆಯಲ್ಲಿಟ್ಟು ಹೋಗುವವನು. ಅಂಥವನು ಒಂದೇ ದೂರನ್ನು ಮತ್ತೆ ಮತ್ತೆ ಹೇಳಿದಾಗ ಕೇಳಬೇಕಿತ್ತು.

ಮೌರಿಸ್ ಕೇಳದೆ ಬಿಟ್ಟವನೇನಲ್ಲ. ನೋಝಲ್ ಬದಲಿಸಿದ, ಫಿಲ್ಟರ್ ಹೊಸದು ಹಾಕಿದ, ಪಂಪನ್ನು ಬಿಚ್ಚಿ ಕಟ್ಟಿದ. ಆದರೆ ಗಾಡಿ ಗ್ಯಾರೇಜಿಗೆ ಬಂದಾಗ ತಪ್ಪೇ ಕಾಣಿಸುತ್ತಿರಲಿಲ್ಲ. ಅವನ ಕ್ರಮವೇ ಹಾಗೆ. ಬಂದ ಲಾರಿಯ ಟ್ಯಾಂಕಿನ ಮುಚ್ಚಳ ತೆಗೆದು, ಕೋಲು ಅದ್ದಿ, ಡೀಸೆಲ್ ಎಷ್ಟುಂಟೆಂದು ನೋಡಿಯೇ ಮುಂದಿನ ಕೆಲಸ. ಆಮೇಲೆ ಸ್ಟಾರ್ಟ್ ಮಾಡಿದರೆ ಎಂಜಿನ್ ಸಾಧು ಹಸುವಿನಂತೆ ತಕರಾರಿಲ್ಲದೆ ಓಡುತ್ತಿತ್ತು.

ಕೊನೆಗೆ ಕಾರ್ಕಳದಾಚೆ ಲಾರಿ ನಿಂತು, ಒಂದು ಲೋಡು ಮೀನು ಕೊಳೆತುಹೋಯಿತು. ಶೇಖರಣ್ಣ ಸಿಟ್ಟಿನಲ್ಲಿ ಲೂಯಿಸನನ್ನು ಕರೆದುಕೊಂಡು ಗ್ಯಾರೇಜಿಗೇ ಬಂದ. ತಪ್ಪು ಗಾಡಿಯದ್ದೋ ಡ್ರೈವರನದ್ದೋ ಎಂದು ಕೇಳಿದ. ಇನ್ನೂ ಐದಾರು ಡ್ರೈವರುಗಳು ಅಲ್ಲಿ ಚಹಾ ಕುಡಿಯುತ್ತ ನಿಂತಿದ್ದರು. ಅಕ್ಕನ ಗಂಡನೆಂದು ಮುಚ್ಚಿಹಾಕಿದ ಎಂದು ನಾಳೆ ಯಾರೂ ಆಡಿಕೊಳ್ಳಬಾರದು ಎಂಬುದೇ ಆಗ ಮೌರಿಸನ ತಲೆಯಲ್ಲಿ ಇದ್ದದ್ದು. ನ್ಯಾಯವಂತ ಅನ್ನಿಸಿಕೊಳ್ಳುವ ಚಪಲ ಕೆಲವರಿಗೆ ಕುಡಿತಕ್ಕಿಂತ ಜೋರು.

"ಗಾಡಿಯಲ್ಲಿ ದೋಷ ಇಲ್ಲ. ಇವನೇ ಕ್ಲಚ್ಚಿನ ಮೇಲೆ ಕಾಲು ಸರಿ ಇಡದೆ ಆಫ್ ಮಾಡ್ತಾನೆ," ಎಂದುಬಿಟ್ಟ, ಎಲ್ಲರಿಗೂ ಕೇಳುವ ಹಾಗೆ.

ಲೂಯಿಸ್ ಬಾವಮೈದುನನ ಮುಖ ನೋಡಿ, ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ನಡೆದುಹೋದ. ಆಮೇಲೆ ಯಾವ ಮಾಲೀಕನೂ ಅವನಿಗೆ ಸ್ಟೇರಿಂಗ್ ಕೊಡಲಿಲ್ಲ. ಹೆಂಚಿನ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲುಗಾರನಾದ. ಲಾರಿ ಬಂದಾಗ ಗೇಟು ತೆರೆಯಬೇಕು, ಹೋದಾಗ ಮುಚ್ಚಬೇಕು. ಪರಿಚಯದ ಡ್ರೈವರುಗಳು ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿ, ಇವತ್ತು ಎಷ್ಟು ಎಂಜಿನ್ ಆಫ್ ಮಾಡಿದೆ ಲೂಯಿಸ್ ಎಂದು ತಮಾಷೆ ಮಾಡುತ್ತಿದ್ದರು. ಅವನೂ ನಗುತ್ತಿದ್ದನಂತೆ. ಮೂರು ದಿನದ ಹಿಂದೆ ಆ ಗೇಟಿನ ಬಳಿಯೇ ಎದೆ ಹಿಡಿದುಕೊಂಡು ಕೂತವನನ್ನು ಮಣಿಪಾಲದ ಆಸ್ಪತ್ರೆಗೆ ಒಯ್ದರು. ಎರಡು ದಿನ ಇದ್ದ, ಅಷ್ಟೇ.

*

ಮೌರಿಸ್ ಬಾನೆಟ್ ಎತ್ತಿದ. ನೋಝಲ್ ಕೆಟ್ಟಿದ್ದರೆ ಕರಿ ಹೊಗೆ ಬರಬೇಕಿತ್ತು, ಹೊಗೆಯಿಲ್ಲ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದ. ಗಾಳಿ ಹಿಡಿದಿದ್ದರೆ ನೊರೆ ಬರಬೇಕು, ಅದೂ ಇಲ್ಲ. ಪಂಪಿನ ಗುಂಡಿ ಯಾರೋ ಒಳಗಿನಿಂದ ಎಳೆಯುತ್ತಿರುವಂತೆ ಬಿಗಿಯಾಗಿತ್ತು. ಅಂದರೆ ಡೀಸೆಲ್ ಟ್ಯಾಂಕಿನಿಂದಲೇ ಬರುತ್ತಿಲ್ಲ. ಡೀಸೆಲ್ ಯಾವಾಗ ಹಾಕಿಸಿದ್ದು ಎಂದು ಕೇಳಿದ. ಮೊನ್ನೆ ಹಾಕಿಸಿ ಕಾರ್ಕಳ, ಹೆಬ್ರಿ ಸುತ್ತಿ ಬಂದದ್ದು, ನಿನ್ನೆ ಹಾಗೆಯೇ ಲೂಯಿಸನನ್ನು ತರಲು ಮಣಿಪಾಲಕ್ಕೆ ಹೋದದ್ದು, ಮತ್ತೆ ಟ್ಯಾಂಕ್ ತೆರೆದಿಲ್ಲ, ಅರ್ಧಕ್ಕಿಂತ ಜಾಸ್ತಿ ಇರಬಹುದು ಎಂದ ಕಿಟ್ಟ.

ಮೌರಿಸ್ ಟ್ಯಾಂಕಿನ ಬಳಿ ಹೋಗಿ ಮುಚ್ಚಳ ತಿರುವಿದ. ಅದು ಬರಲಿಲ್ಲ. ಎರಡೂ ಕೈ ಹಾಕಿ ತಿರುವಿದಾಗ ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಆ ಶಬ್ದ ನಿಲ್ಲುವವರೆಗೆ ಅವನು ಅಲ್ಲಾಡದೆ ನಿಂತ. ಮತ್ತೆ ಬಾನೆಟ್ಟಿನ ಬಳಿ ಬಂದು ಕೈಪಂಪು ಒತ್ತಿದರೆ ಡೀಸೆಲ್ ಚಿಮ್ಮಿ ಬಂತು. ಸ್ಕ್ರೂ ಬಿಗಿ ಮಾಡಿ ಕಿಟ್ಟನಿಗೆ ಸನ್ನೆ ಮಾಡಿದ. ಎಂಜಿನ್ ಮೊದಲ ಸಲಕ್ಕೇ ಸ್ಟಾರ್ಟ್ ಆಗಿ, ಒಂದೇ ಸಮನೆ ಗುಡುಗುಡು ಎನ್ನತೊಡಗಿತು. ಮೌರಿಸ್ ಇದ್ದದ್ದು ಒಳ್ಳೆಯದಾಯಿತು ಎಂದು ಜನ ಹೊಗಳಿದರು.

ಅವನು ಮುಚ್ಚಳವನ್ನು ಅಂಗೈಯಲ್ಲಿ ಮಗುಚಿ ಮೇಲಿನ ಕೊಳೆಯನ್ನು ಹೆಬ್ಬೆರಳಿನಿಂದ ಉಜ್ಜಿದ. ಗಾಳಿ ಆಡಲೆಂದು ಇದ್ದ ಸಣ್ಣ ತೂತಿನ ಮೇಲೆ ಸೀಸದ ಬೆಸುಗೆಯ ಚುಕ್ಕೆ. ಮೀನಿನ ಪೆಟ್ಟಿಗೆಯ ಐಸ್ ಕರಗಿ ಉಪ್ಪುನೀರು ಟ್ಯಾಂಕಿನ ಮೇಲೆ ತೊಟ್ಟಿಕ್ಕುತ್ತದೆ, ಡೀಸೆಲಿಗೆ ನೀರು ಸೇರಿ ಪಂಪು ಹಾಳಾಗುತ್ತದೆ ಎಂದು, ಲೂಯಿಸನ ದೂರು ಶುರುವಾಗುವ ಸ್ವಲ್ಪ ಮೊದಲು, ತಾನೇ ಹಾಕಿದ್ದ ಬೆಸುಗೆ. ಅಷ್ಟು ಅಚ್ಚುಕಟ್ಟಾದ ಕೆಲಸ ಮಾಡಿದ್ದಕ್ಕೆ ಅಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ. ಖರ್ಚಾದ ಡೀಸೆಲಿನ ಜಾಗಕ್ಕೆ ಗಾಳಿ ಹೋಗಲು ದಾರಿಯಿಲ್ಲದೆ ಗಾಡಿ ಕಾರ್ಕಳದ ಹೊತ್ತಿಗೆ ಉಸಿರುಗಟ್ಟುತ್ತಿತ್ತು. ಗ್ಯಾರೇಜಿಗೆ ಬಂದ ಕೂಡಲೇ ಇವನೇ ಮುಚ್ಚಳ ತೆಗೆದು ಗಾಳಿ ಬಿಡುತ್ತಿದ್ದ, ಆಮೇಲೆ ದೋಷವಿಲ್ಲವೆಂದು ಹೇಳುತ್ತಿದ್ದ. ಲೂಯಿಸ್ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಮೌರಿಸ್ ಟ್ಯಾಂಕಿನ ಬಾಯಿಗೆ ಬಟ್ಟೆ ತುರುಕಿ, ಮುಚ್ಚಳವನ್ನು ಕಿಸೆಗೆ ಹಾಕಿ ಜನರ ಹಿಂದೆ ನಡೆದ.

*

ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಕೊನೆಯ ದರ್ಶನಕ್ಕೆಂದು ಪೆಟ್ಟಿಗೆಯನ್ನು ಮುಖಮಂಟಪದಲ್ಲಿ ಇಟ್ಟರು. ಒಬ್ಬೊಬ್ಬರೇ ಬಂದು ಲೂಯಿಸನ ಹಣೆ ಮುಟ್ಟಿ ಸರಿದರು. ಬಡಗಿ ಜೋಕಿಮ್ ಮೊಳೆ ಹಿಡಿದು ಗೋಡೆಗೆ ಒರಗಿದ್ದ. ತೀರಿಕೊಂಡು ತಿಂಗಳಾದಾಗ ಮಾಡಿಸುವ ಪೂಜೆಯ ದಿನ ಮನೆಯಲ್ಲಿ ನಿಧಾನವಾಗಿ ಹೇಳಿದರಾಗದೇ ಎಂದು ಮೌರಿಸನ ಮನಸ್ಸು ಹೇಳುತ್ತಿತ್ತು. ಶೇಖರಣ್ಣನ ಅಷ್ಟೂ ಲಾರಿಗಳು ಬರುವುದು ತನ್ನ ಗ್ಯಾರೇಜಿಗೇ ಎಂಬುದನ್ನೂ ಅದು ನೆನಪಿಸಿತು. ಮೌರಿಸ್ ಅಕ್ಕನ ಪಕ್ಕಕ್ಕೆ ಹೋಗಿ, ಮುಚ್ಚಳವನ್ನು ಅವಳಿಗೆ ಮಾತ್ರ ಕಾಣುವಂತೆ ಹಿಡಿದ.

"ಅಕ್ಕಾ, ತಪ್ಪು ಗಾಡಿಯದ್ದೇ ಆಗಿತ್ತು, ಬಾವನದ್ದಲ್ಲ. ಆ ತಪ್ಪು ಮಾಡಿಟ್ಟದ್ದು ನಾನು," ಎಂದು ಪಿಸುಗುಟ್ಟಿ, ಹೇಗೆಂದು ಎರಡು ಮಾತಿನಲ್ಲಿ ತಿಳಿಸಿದ.

ಸೆಲೀನ್ ಮುಚ್ಚಳವನ್ನು ನೋಡಲಿಲ್ಲ, ತಮ್ಮನನ್ನು ನೋಡಿದಳು.

"ನನಗೆ ಯಾಕೆ ಹೇಳ್ತಿ? ಅವರು ಸುಳ್ಳು ಹೇಳುವವರಲ್ಲ ಅಂತ ನನಗೆ ಗೊತ್ತುಂಟು. ಆವತ್ತು ಎಲ್ಲರ ಎದುರು ಹೇಳಿದ್ದಲ್ವಾ ನೀನು? ಇವತ್ತೂ ಎಲ್ಲರ ಎದುರು ಹೇಳು. ಪೆಟ್ಟಿಗೆ ಮುಚ್ಚುವ ಮೊದಲು ಹೇಳು."

ಮೌರಿಸ್ ಪಾದ್ರಿಯವರ ಕಡೆ ನೋಡಿದ. ಅವರು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಜೋಕಿಮ್ ಗೋಡೆ ಬಿಟ್ಟು ಮುಂದೆ ಬಂದ. ಆಗ ಮೌರಿಸ್ ಪೆಟ್ಟಿಗೆಗೂ ಅವನಿಗೂ ನಡುವೆ ನಿಂತು ಶೇಖರಣ್ಣನ ಹೆಸರು ಕರೆದ. ತೂತಿನ ಕತೆ, ಬೆಸುಗೆಯ ಕತೆ, ತಾನು ಅಂದು ಆಡಿದ ಮಾತು, ಯಾವುದು ಮೊದಲು ಯಾವುದು ಆಮೇಲೆ ಎಂದು ಗೊತ್ತಾಗದೆ ಎಲ್ಲವನ್ನೂ ಕಲಸಿ ಹೇಳಿದ. ಕೊನೆಯಲ್ಲಿ ಮಾತ್ರ ಸರಿಯಾಗಿ ಹೇಳಿದ. "ಇವರು ಒಂದು ಸಲವೂ ಎಂಜಿನ್ ಆಫ್ ಮಾಡಿದವರಲ್ಲ. ಹಾಳು ಮಾಡಿದ್ದು ನಾನು."

ದಾರಿಯಲ್ಲಿ ನಕ್ಕವರು ನೆಲ ನೋಡಿದರು. ಶೇಖರಣ್ಣ ಮುಂದೆ ಬಂದು, ಮೌರಿಸನತ್ತ ತಿರುಗದೆ, ಲೂಯಿಸನ ಕಾಲಿನ ಬಳಿ ಬಹಳ ಹೊತ್ತು ಕೈಮುಗಿದು ನಿಂತ.

ಮೌರಿಸ್ ಬಗ್ಗಿ ಬಾವನ ತಣ್ಣಗಿನ ಕೈಯನ್ನು, ತೋಳಿನ ಸಮೇತ, ಇನ್ನೂ ತೊಳೆಯದ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಏಳುವಾಗ ಲೂಯಿಸನ ಬಿಳಿ ಶರ್ಟಿನ ತೋಳಿನ ಮೇಲೆ ಐದು ಬೆರಳುಗಳ ಕರಿ ಎಣ್ಣೆ ಗುರುತು ಮೂಡಿತ್ತು. ಒಲಿಂಡಾ ಗಾಬರಿಯಾಗಿ ಕರ್ಚೀಫು ತೆಗೆದು ಒರೆಸಲು ಬಾಗಿದಳು. ಸೆಲೀನ್ ಅವಳ ಕೈ ಹಿಡಿದಳು.

"ಇರಲಿ," ಎಂದಳು. "ಕೆಲಸಕ್ಕೆ ಹೋಗಿ ಬಂದ ಹಾಗೆ ಉಂಟು."

ಮತ್ತೆ ತಾನೇ ಆ ತೋಳನ್ನು ನೆಟ್ಟಗೆ ಮಾಡಿ, ಕಲೆ ಮೇಲೆ ಕಾಣುವ ಹಾಗೆ ಗಂಡನ ಎದೆಯ ಮೇಲಿಟ್ಟು, ಜೋಕಿಮ್‌ಗೆ ದಾರಿ ಬಿಟ್ಟಳು.