ಸಾರಿನ ಮಡಕೆ

ಬೆಳಿಗ್ಗೆ ಆರೂವರೆ. ನಿಂಬೆಗಿಡ ಒಣಗಿದೆ, ಪಕ್ಕದಲ್ಲಿ ಹೂತ ಮಡಕೆಯಲ್ಲಿ ನೀರು ಕಂಠದವರೆಗೆ ಇದೆ — ಕೋಮಲ ಮುಚ್ಚಳ ಎತ್ತಿ, ಮುಚ್ಚಿ, ಮತ್ತೆ ಎತ್ತಿದಳು, ಹನ್ನೊಂದು ದಿನದಿಂದ ಇದೇ ಮಟ್ಟ, ದಿನಾ ನೋಡಿದ್ದಾಳೆ, ದಿನಾ ಸಮಾಧಾನಪಟ್ಟಿದ್ದಾಳೆ, ಕಾಲು ಮುರಿದ ಮಗಳನ್ನು ನೋಡಿಕೊಳ್ಳಲು ಗೋಪಿನಾಥಂಗೆ ಹೋದ ಪಕ್ಕದ ಮನೆಯ ರಂಗಮ್ಮ ಸಂಜೆ ಫೋನು ಮಾಡಿದಾಗೆಲ್ಲ, ತುಂಬೈತೆ ಕಣತ್ತೆ, ನಿಮ್ ಗಿಡುಕ್ಕೆ ನೀರೇ ಬ್ಯಾಡ್ವಂತೆ, ಅಂತ ನಗಿಸಿದ್ದಾಳೆ. ಎಲೆ ಮುದುಡಿದ್ದು ಕಾಣಲಿಲ್ಲವೇ, ಕಂಡಿತು, ನೆಲಕ್ಕೆ ಹಾಕಿದ ಹೊಸತರಲ್ಲಿ ಗಿಡ ಎಲೆ ಉದುರಿಸುತ್ತದೆ ಎಂದು ಯಳಂದೂರಿನ ಕೈತೋಟ ತರಬೇತಿಯಲ್ಲಿ ಹೇಳಿದ್ದರು, ಮೂರು ದಿನದ ತರಬೇತಿ, ಸರ್ಟಿಫಿಕೇಟು ಟಿವಿ ಪಕ್ಕ ನೇತಾಡುತ್ತಿದೆ, ಹೊನ್ನೂರಿನ ಈ ಬೀದಿಯಲ್ಲಿ ಬದನೆಗೆ ಹುಳ ಬಿದ್ದರೂ ಕೋಮಲನ್ನ ಕೇಳಿ ಅನ್ನುತ್ತಾರೆ — ಬೆರಳು ಮಣ್ಣಿಗೆ ಚುಚ್ಚಿದರೆ ಬರೀ ಹುಡಿ, ಗೇಣುದ್ದ ಬಗೆದರೂ ಹುಡಿ, ಮಡಕೆಯ ಹೊಟ್ಟೆ ಮುಟ್ಟಿದರೆ ತೇವವಿಲ್ಲ, ನುಣ್ಣಗೆ, ಕರ್ರಗೆ, ಬೆರಳಿಗೆ ಮಸಿ, ಆಗ ಗೊತ್ತಾಯಿತು, ಇದು ರಂಗಮ್ಮನ ಸಾರಿನ ಮಡಕೆ, ಈ ಮಡಕೆಯ ಹುರುಳಿ ಸಾರನ್ನು ಅವಳೇ ಎಷ್ಟು ಸಲ ಉಂಡಿಲ್ಲ, ಹದಿನೈದು ವರ್ಷದ ಎಣ್ಣೆ ಜಿಡ್ಡು ಕುಡಿದು ಕುಡಿದು ಮಣ್ಣಿನ ಕಣ್ಣೆಲ್ಲ ಮುಚ್ಚಿಹೋಗಿದೆ, ಒಂದು ಹನಿಯೂ ಜಿನುಗಿಲ್ಲ. ಹೂತ ಮಡಕೆಯಿಂದ ನೀರು ಜಿನುಗಿ ಬೇರಿಗೆ ಹೋಗಬೇಕು, ಹೊಸ ಮಡಕೆಯೇ ಆಗಬೇಕು ಎಂದು ತರಬೇತಿಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು, ರಂಗಮ್ಮನಿಗೆ ಹೇಳುವಾಗ ಒಂದು ಮಡ್ಕೆ ಊತ್ಬುಟ್ಟು ನೀರ್ ತುಂಬ್ಸಿ ಅತ್ತೆ, ಅದೇ ಕುಡೀತದೆ ಅಂದಳು, ಅಷ್ಟೇ ಅಂದಳು. ಒಬ್ಳಿಗೆ ಇಷ್ಟ್ ದೊಡ್ಡ ಮಡ್ಕೆ ಯಾಕವ್ವ ಇನ್ನು, ಇದ್ನೇ ಊತೀನಿ ಅಂದಿದ್ದರಲ್ಲ ರಂಗಮ್ಮ, ಅದು ಕಿವಿಗೆ ಬಿದ್ದಿತ್ತು, ಗಂಡ ಹೋದ ದುಃಖದ ಮಾತು ಎಂದು ತಲೆಯಾಡಿಸಿದ್ದಳು. ರಂಗಮ್ಮನ ಗಂಡ ಚಿಕ್ಕಸಿದ್ದಯ್ಯ ಅಂಬಲಿಗೆ ಹಿಂಡಿದ ನಿಂಬೆಯ ಬೀಜ ಅದು, ಎರಡು ವರ್ಷ ಹಾಲಿನ ಕವರಿನಲ್ಲಿ ಅವರೇ ಸಾಕಿದ್ದು, ಜನವರಿಯಲ್ಲಿ ಅವರು ತೀರಿಕೊಂಡರು, ಮಾರ್ಚಿನಲ್ಲಿ ರಂಗಮ್ಮ ಅದನ್ನು ನೆಲಕ್ಕೆ ಹಾಕಿದರು — ಕೋಮಲ ಎರಡು ಕೊಡ ನೀರು ಸುರಿದಳು, ಉಗುರಿನಿಂದ ತೊಗಟೆ ಕೆರೆದಳು, ಹಸಿರಿಲ್ಲ, ಇನ್ನೂ ಕೆಳಗೆ ಕೆರೆದಳು, ಇಲ್ಲ, ಕೊಳ್ಳೇಗಾಲದ ನರ್ಸರಿಯಲ್ಲಿ ಇಷ್ಟೇ ಎತ್ತರದ ಗಿಡ ಸಿಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ನರ್ಸರಿ ತೆಗೆಯುವುದು ಒಂಬತ್ತಕ್ಕೆ, ರಂಗಮ್ಮ ಇವತ್ತು ಊರಿಗೆ ಬಂದಿಳಿಯುವುದು ಒಂಬತ್ತೂವರೆಗೆ, ಹೊತ್ತು ಸಿಕ್ಕಿದ್ದರೆ ತರುತ್ತಿದ್ದಳೇ, ತರುತ್ತಿದ್ದಳು, ಇದನ್ನು ಕಿತ್ತು ತಿಪ್ಪೆಗೆ ಎಸೆದು ಅದನ್ನು ನೆಟ್ಟು, ಮುಂದಿನ ವರ್ಷ ಅವರು ಅದರ ಹಣ್ಣನ್ನು ಅಂಬಲಿಗೆ ಹಿಂಡುವಾಗ ಎದುರಿಗೆ ಕೂತು — ಬೇಡ, ಹೇಳಿಬಿಡುವುದು, ತಪ್ ನಂದೇ ಅತ್ತೆ, ಒಸಾ ಮಡ್ಕೆ ಅನ್ಬೇಕಾಗಿತ್ತು, ಹೀಗೆ, ಇಷ್ಟೇ, ತಪ್ ನಂದೇ ಅತ್ತೆ, ಪಾತ್ರೆ ತೊಳೆಯುತ್ತ, ಜಡೆ ಹಾಕಿಕೊಳ್ಳುತ್ತ, ತಪ್ ನಂದೇ, ಕಣ್ಣು ಮುಚ್ಚಿದರೆ ಕಂಠದವರೆಗೆ ನೀರು, ಅಲುಗದೆ.

ಆಟೊ ನಿಂತಿತು. ಚೀಲ ಇಳಿಸುವ ಮೊದಲೇ ರಂಗಮ್ಮ ಕೇಳಿದರು, ನೀರಿತ್ತಾ ಮಗಾ. ಇತ್ತು ಅತ್ತೆ ಅಂದಳು ಕೋಮಲ, ಚೀಲ ಇಳಿಸಿಕೊಂಡಳು. ಅವರು ಚಪ್ಪಲಿ ಬಿಟ್ಟು ಹಿತ್ತಲಿಗೆ ಹೋದರು, ಗಿಡದ ಮುಂದೆ ಕೂತರು, ಮಡಕೆಯ ಮುಚ್ಚಳ ಎತ್ತಿದರು. ನೀರು ಕಂಠದವರೆಗೆ ಇತ್ತು.